ನಲವತ್ತು ವಾದ್ಯ, ಎರಡು ಮೈಕು

ಕೇಳಿ, ಇಂಥವನು ಇದ್ದನೋ ಇಲ್ಲವೋ, ನಕ್ಕಾದ ಮೇಲೆ ನೀವೇ ಹೇಳಿ. ವನಜಾಕ್ಷಮ್ಮನಿಗೆ ಒಂದು ಮೈಕ್‌ಸೆಟ್ ಅಂಗಡಿ, ಒಬ್ಬನೇ ಮಗ ಸುಂದ್ರೇಶ. ಏನು ಹೇಳಿದರೂ "ನನಗೆ ಬಿಡಮ್ಮ!" ಅನ್ನುತ್ತಿದ್ದ. ಅದಕ್ಕೇ ಅವಳಿಗೆ ಹೆದರಿಕೆ!

ಲಾಜರಸ್ ಮೇಷ್ಟ್ರ ವಾದ್ಯಮೇಳದಲ್ಲಿ ನಲವತ್ತು ಜನ. ಅವರ ರೆಕಾರ್ಡಿಂಗ್ ರೇಡಿಯೋದವರಿಗೆ ಹಿಡಿಸಿದರೆ ಮೇಳಕ್ಕೂ ಹೆಸರು, ಅಂಗಡಿಗೂ ಹೆಸರು. ಊರ ಹಾಲ್‌ನಲ್ಲಿ ಮೂರು ದಿನ ತಾಲೀಮು, ನಾಲ್ಕನೇ ದಿನ ಅಸಲಿ ರೆಕಾರ್ಡಿಂಗು. ರೇಡಿಯೋಗೆ ಕಳಿಸೋಕೆ ಅದೇ ಕೊನೇ ದಿನ. ಅಮ್ಮನಿಗೋ ಮಂಡಿನೋವು. ಹೋಗಬೇಕಾದವನು ಸುಂದ್ರೇಶನೇ!

"ಮೈಕು ಹತ್ತಿರ ಇಡಪ್ಪ."

"ನನಗೆ ಬಿಡಮ್ಮ!"

ಕೊಳಲಿನವನ ಮೂಗಿನ ಕೆಳಗೊಂದು ಇಟ್ಟ, ಪಿಟೀಲಿನವನ ಗಡ್ಡಕ್ಕೊಂದು ಕಟ್ಟಿದ. ಸಂಜೆ ಅಮ್ಮ ರೆಕಾರ್ಡಿಂಗ್ ಹಾಕಿ ಕೇಳಿದರೆ ಬುಸ್ ಬುಸ್ ಉಸಿರು, ಕರಕರ ಗಡ್ಡ!

"ದಡ್ಡ ಮುಂಡೇದೆ! ಅಷ್ಟು ಹತ್ತಿರವೇನೋ? ಮೇಳದ ಮುಂದೆ ಎರಡೇ ಮೈಕು ಸಾಕು. ನಮ್ಮ ಎರಡು ಕಿವಿ ಇದ್ದ ಹಾಗೆ ಇರಬೇಕು!"

ಮಾರನೇ ದಿನ ಎರಡನ್ನೂ ತನ್ನ ಕಿವಿಗೇ ಟವೆಲ್ಲಿನಲ್ಲಿ ಕಟ್ಟಿಕೊಂಡು ಮೇಷ್ಟ್ರ ಹಿಂದೆ ನಿಂತ. ತಾಳಕ್ಕೆ ತಲೆಯಾಡಿಸಿದ. ಟೀ ಬಂತು, ತಿರುಗಿದ. ಸಂಜೆ ಅಮ್ಮನಿಗೆ ಡೋಲು ಎಡದಿಂದ ಬಲಕ್ಕೆ ಓಡಿತು, ಪಿಟೀಲು ಬಲದಿಂದ ಎಡಕ್ಕೆ ಓಡಿತು, ನಡುವೆ ಬಿಸ್ಕತ್ತು ಅಗಿದ ಸದ್ದು!

"ಅಯ್ಯೋ, ತಲೆ ಸುತ್ತುತ್ತೆ! ತಲೆಗೆ ಬೇಡ ಕಣೋ, ಒಂದಕ್ಕೊಂದು ದೂರ ಇಡು. ಎಡಕ್ಕೊಂದು, ಬಲಕ್ಕೊಂದು!"

ಮೂರನೇ ದಿನ ವೈರು ಎಷ್ಟಿತ್ತೋ ಅಷ್ಟೂ ಎಳೆದ. ಎಡದ್ದು ಸೈಕಲ್ ಸ್ಟ್ಯಾಂಡಿಗೆ ಹೋಯಿತು, ಬಲದ್ದು ಪಕ್ಕದ ಹೋಟೆಲಿನ ಒಲೆ ಹತ್ತಿರ. ಸಂಜೆ ಎಡಗಡೆ ಟ್ರಿಣ್ ಟ್ರಿಣ್, ಬಲಗಡೆ ಒಗ್ಗರಣೆ ಚುಂಯ್. ಮಧ್ಯದಲ್ಲಿ ಮೇಳವೇ ಇಲ್ಲ!

"ನನ್ನ ಹೊಟ್ಟೆ ಉರಿಸಬೇಡ್ವೋ! ನಾಳೆ ಅಸಲಿ! ಎರಡನ್ನೂ ಒಂದೇ ಸ್ಟ್ಯಾಂಡಿಗೆ ಕಟ್ಟು. ಒಂದರ ಮೂತಿ ಎಡಕ್ಕೆ ಓರೆ, ಇನ್ನೊಂದರದು ಬಲಕ್ಕೆ ಓರೆ. ಹಾಲ್ ಸುತ್ತಾಡು, ಮೇಳ ಎಲ್ಲಿ ಇಂಪಾಗಿ ಕೇಳುತ್ತೋ ಅಲ್ಲಿ ನಿಲ್ಲಿಸು. ಆಮೇಲೆ ಯಾರು ಏನೇ ಹೇಳಲಿ, ಕೂದಲೆಳೆಯಷ್ಟೂ ಕದಲಿಸಬೇಡ!"

"ನನಗೆ ಬಿಡಮ್ಮ!"

ನಿಜ ಹೇಳಬೇಕೆಂದರೆ, ಈ ಸಲ ಸುಂದ್ರೇಶ ಜಾಗ ಸರಿಯಾಗೇ ಹಿಡಿದ. ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಕೇಳಿ "ಭೇಷ್!" ಅಂದರು. ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಮೆಷಿನ್ನೇನೋ ಸೆಲ್ಲಿನದು, ಆದರೆ ಕತ್ತಲಲ್ಲಿ ಸ್ವರದ ಹಾಳೆ ಕಾಣಬೇಕಲ್ಲ!

"ಹಿಂದಿನ ಬೀದಿ ಶಾಲೆಯಲ್ಲಿ ಬೆಳಕಿದೆ, ನಡೀರಿ! ಸುಂದ್ರೇಶ, ಮೈಕು ತಗೊಂಡು ಬಾರಯ್ಯ!"

ಸುಂದ್ರೇಶ ಸ್ಟ್ಯಾಂಡು ತಬ್ಬಿಕೊಂಡ. "ನೀವು ಹೋಗಿ ನುಡಿಸಿ ಮೇಷ್ಟ್ರೇ! ನಾನಿಲ್ಲಿಂದಲೇ ಹಿಡೀತೀನಿ!"

ಎಷ್ಟು ಧೈರ್ಯವಾಗಿ ಹೇಳಿದ ಅಂದರೆ, ಹೊಸ ನಮೂನೆ ಮೈಕಿರಬೇಕು ಅಂತ ಮೇಷ್ಟ್ರೂ ನಂಬಿಬಿಟ್ಟರು. ಹೋದರು. ಜೀವ ತುಂಬಿ ನುಡಿಸಿದರು.

ಸಂಜೆ ನಲವತ್ತು ಜನವೂ ಅಂಗಡಿ ಮುಂದೆ ಕೂತರು. ವನಜಾಕ್ಷಮ್ಮ ದೇವರಿಗೆ ಕೈಮುಗಿದು ಗುಂಡಿ ಒತ್ತಿದಳು.

ಎಡಗಡೆ ಹಲ್ಲಿ ಲೊಚಗುಟ್ಟಿತು. ಬಲಗಡೆ ಕಸ ಗುಡಿಸುವವಳ ಪೊರಕೆ ಸರಸರ ಅಂದಿತು. ಮಧ್ಯದಲ್ಲಿ, ಎಷ್ಟು ಸ್ಪಷ್ಟ ಅಂತೀರಿ, ಹಾಲ್‌ನ ಜವಾನನ ಗೊರಕೆ!

"ಮೇಳ ಎಲ್ಲೋ?" ಅಮ್ಮ ಹಣೆ ಚಚ್ಚಿಕೊಂಡಳು.

ಸುಂದ್ರೇಶ ಎದೆಯುಬ್ಬಿಸಿ ನಲವತ್ತು ಜನರ ಕಡೆ ಬೆರಳು ತೋರಿಸಿದ.

"ಕದಲಿದ್ದು ಇವರು, ಅಮ್ಮ! ನಾನಲ್ಲ!"