ಆಚೆ ಕಡೆಯವನ ಪಾಳಿ

ಕರೆಂಟು ಹಳ್ಳಿಗಳಿಗೆ ಬರುವುದನ್ನು ಕಲಿತು, ನಿಲ್ಲುವುದನ್ನು ಇನ್ನೂ ಕಲಿಯದಿದ್ದ ಕಾಲದಲ್ಲಿ, ಭೀಮಾ ನದಿಯ ಈಚೆಗೆ ಬಂಡಗೇರಾ ಅಂತ ಒಂದು ಊರಿತ್ತಂತೆ. ಆ ಊರಿನ ನೆಲ ಅಗೆದರೆ ಮನೆಗಳಿಗೆ ಹಾಸುವ ಫರಸಿ ಕಲ್ಲು ಸಿಗುತ್ತಿತ್ತು. ಇನ್ನೂ ಅಗೆದರೆ ಇನ್ನೂ ಫರಸಿ ಕಲ್ಲು ಸಿಗುತ್ತಿತ್ತು. ರೊಟ್ಟಿ ಒಟ್ಟಿದ ಹಾಗೆ ಪದರಿನ ಮೇಲೆ ಪದರು. ದೇವರು ಅಲ್ಲಿ ಬೇರೆ ಏನನ್ನಾದರೂ ಇಡುವುದನ್ನು ಮರೆತಿದ್ದ. ಊರಿನವರೂ ನೆನಪಿಸಲು ಹೋಗಿರಲಿಲ್ಲ.

ಆ ಊರಿನಲ್ಲಿ ಸಾಬಣ್ಣ ಅಂತ ಒಬ್ಬನಿದ್ದನಂತೆ. ಖಣಿಯಿಂದ ಬಂದ ಕಲ್ಲಿಗೆ ನೀರು ಹಾಕಿ, ಮಷೀನು ತಿರುಗಿಸಿ, ಮುಖ ಕಾಣುವ ಹಾಗೆ ಪಾಲಿಶ್ ಮಾಡುವುದು ಅವನ ಕೆಲಸ. ದೂರದ ಊರುಗಳ ಜನ ಅವನು ನುಣುಪು ಮಾಡಿದ ನೆಲದ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರು ಅಂತ ಹೇಳುತ್ತಾರೆ. ಅದನ್ನು ಕೆಲಸದ ಹೊಗಳಿಕೆಯಾಗಿಯೇ ಹೇಳುತ್ತಾರೆ.

ಒಂದು ಸಲ ಟಿವಿ, ವಿಡಿಯೋ ಕಟ್ಟಿಕೊಂಡು ಒಬ್ಬ ಆ ಊರಿಗೆ ಬಂದ. ಗೋದಾಮಿನಲ್ಲಿ ಜನರನ್ನು ಕೂರಿಸಿ ದೇವರ ಸಿನಿಮಾ ಹಾಕುತ್ತೇನೆ ಅಂದ. ಕ್ಯಾಸೆಟ್ಟು ಅದಲುಬದಲಾಗಿತ್ತು. ಪರದೇಶದ ಯಾವುದೋ ಬೀದಿ ಕಾಣಿಸಿತು. ಈಚೆಗೊಂದು ಗುಂಪು, ಆಚೆಗೊಂದು ಗುಂಪು, ನಡುವೆ ನೆಲದ ಮೇಲೆ ಹಾಸಿದ ರಟ್ಟು. ಈಚೆಯವನೊಬ್ಬ ನಡುವೆ ಬಂದು ಬೆನ್ನ ಮೇಲೆ ಬುಗುರಿಯ ಹಾಗೆ ತಿರುಗಿದ. ತಲೆಯ ಮೇಲೆ ತಿರುಗಿದ. ಎದ್ದು ಹಿಂದೆ ಸರಿದು, ಕೈ ಕಟ್ಟಿ, ಆಚೆ ಕಡೆ ನೋಡುತ್ತ ನಿಂತ. ಆಚೆಯ ಗುಂಪಿನಿಂದ ಒಬ್ಬ ಮುಂದೆ ಬಂದು ಒಂದು ಕಾಲು ಒಳಗಿಟ್ಟ.

ಕರೆಂಟು ಹೋಯಿತು.

ಕರೆಂಟು ಮರಳಿ ಬಂದಾಗ ಜನ ಒಂದೇ ದನಿಯಲ್ಲಿ ದೇವರನ್ನು ಕೇಳಿದರು. ವಿಡಿಯೋದವನು ದೇವರನ್ನೇ ಹಾಕಿದ. ಸಾಬಣ್ಣ ಮಾತ್ರ ಅವನ ಹಿಂದೆ ಹಿಂದೆ ತಿರುಗಿ, ಆಚೆಯವನು ಆಮೇಲೆ ಏನು ಮಾಡಿದ ಅಂತ ಕೇಳಿದನಂತೆ. ವಿಡಿಯೋದವನಿಗೂ ಗೊತ್ತಿರಲಿಲ್ಲ. ಸಾಬಣ್ಣ ಬಸ್ಸು ಹತ್ತಿ ಕ್ಯಾಸೆಟ್ಟಿನ ಅಂಗಡಿ ಹುಡುಕಿಕೊಂಡು ಹೋದ. ಅಷ್ಟರಲ್ಲಿ ಅಂಗಡಿಯವರು ಅದರ ಮೇಲೆ ಯಾರದೋ ಗೃಹಪ್ರವೇಶ ತುಂಬಿಸಿದ್ದರಂತೆ.

ಅವತ್ತಿನಿಂದ ಸಾಬಣ್ಣ ತಿರುಗತೊಡಗಿದ. ಕೆಲಸ ಮುಗಿದ ಮೇಲೆ, ತಾನೇ ಪಾಲಿಶ್ ಮಾಡಿದ ಹಾಸುಗಲ್ಲಿನ ಮೇಲೆ ನೀರು ಚಿಮುಕಿಸಿ, ಮೊದಲು ಬೆನ್ನ ಮೇಲೆ ತಿರುಗಿದ, ಆಮೇಲೆ ಭುಜದ ಮೇಲೆ ತಿರುಗಿದ. ತಲೆಯ ಮೇಲೆ ತಿರುಗುವಾಗ ನೆತ್ತಿ ಸುಲಿಯಿತು. ಕೊಡ ಹೊರುವಾಗ ಹೆಂಗಸರು ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬಿ ಇರುತ್ತದಲ್ಲ, ತಾಯಿಯ ಆ ಸಿಂಬಿಯನ್ನೇ ನೆತ್ತಿಗೆ ಕಟ್ಟಿಕೊಂಡ.

ತಾಯಿ ಮಲಕಮ್ಮ ಬಾವಿಕಟ್ಟೆಯಲ್ಲಿ ಹೇಳಿದಳಂತೆ: "ತಲಿ ಮ್ಯಾಲ ಕೊಡ ಇಡೋದು ನೋಡೀನಿ. ಕೊಡ ಬಿಟ್ಟು ಊರೇ ತಲಿ ಮ್ಯಾಲ ಇಟ್ಕೊಂಡಾನ ನೋಡವ್ವಾ ನನ್ ಮಗ."

ಗಣಪತಿ ಕೂರಿಸಿದಾಗ ಅವನು ಮೊದಲ ಸಲ ಜನರ ಎದುರು ಕುಣಿದ. ನೆಲಕ್ಕೆ ಬಿದ್ದು, ಕೈಕಾಲು ಅದುರಿಸಿ, ಒಂದು ಸುತ್ತು ತಿರುಗುವಷ್ಟರಲ್ಲಿ ಊರು ಮೈಮೇಲೆ ಬಿತ್ತು.

"ಹಿಡೀರ್‍ಯೋ! ಮೂರ್ಛಿ ಬಂದದ! ಕೈಯಾಗ ಕಬ್ಬಿಣ ಕೊಡ್ರಿ!"

ಯಾರೋ ಅಂಗೈಗೆ ಕೀಲಿಗೊಂಚಲು ತುರುಕಿದರು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು.

"ಬಿಡ್ರಿ, ಕುಣಿಲತ್ತೀನಿ!"

"ಹೌದಪ್ಪ, ಹೌದು, ಕುಣಿಲತ್ತಿ. ಈಗ ಸುಮ್ನ ಮಕ್ಕೋ."

ಮೂರ್ಛೆಯಿಂದ ಸಾಬಣ್ಣ ಬದುಕಿ ಉಳಿದದ್ದು ಗಣಪತಿಯ ಮಹಿಮೆ ಅಂತ ಊರಿನವರು ಕಾಯಿ ಒಡೆದರು.

ಮುಂದಿನ ಗಣಪತಿಯ ಹೊತ್ತಿಗೆ ಅದು ಕುಣಿತ ಅಂತ ಅವರಿಗೆ ತಿಳಿಯಿತಂತೆ. ರೋಗವಲ್ಲ ಅಂತ ಗೊತ್ತಾದ ಮೇಲೆ ಊರಿಗೆ ಸ್ವಲ್ಪ ನಿರಾಸೆಯೂ ಆಯಿತು ಅಂತ ಹೇಳುತ್ತಾರೆ. ಆದರೆ ಮದುವೆಗಳಿಗೆ ಬ್ಯಾಂಡು ಬಾರಿಸುವ ದಸ್ತಗೀರ್ ಮಾಸ್ತರನಿಗೆ ಅವನು ಹಿಡಿಸಿದ. ಮಾಸ್ತರ ಅವನನ್ನು ಕರೆದುಕೊಂಡು ಊರೂರು ತಿರುಗಿದ. ಮೆರವಣಿಗೆ ನಿಂತಲ್ಲಿ ಹಾಸುಗಲ್ಲು ಇಳಿಸುವರು, ಮಾಸ್ತರ ಊದುವನು, ಸಾಬಣ್ಣ ತಿರುಗುವನು. ತಿರುಗಿ ಎದ್ದು, ಹಿಂದೆ ಸರಿದು, ಕೈ ಕಟ್ಟಿ, ಆಚೆ ಕಡೆ ನೋಡುತ್ತ ನಿಲ್ಲುವನು.

ಯಾರೂ ಬರುತ್ತಿರಲಿಲ್ಲ. ಹಾಗೆ ನಿಲ್ಲುವುದೂ ಕುಣಿತದ್ದೇ ಒಂದು ಪಟ್ಟು ಅಂದುಕೊಂಡು ಜನ ಚಪ್ಪಾಳೆ ತಟ್ಟುತ್ತಿದ್ದರು. ಕೆಲವರಿಗೆ ಆ ನಿಲುವೇ ಹೆಚ್ಚು ಇಷ್ಟವಾಗಿತ್ತು, ಅದರಲ್ಲಿ ಧೂಳು ಏಳುತ್ತಿರಲಿಲ್ಲ.

ಒಂದು ದಿನ ದಸ್ತಗೀರ್ ಮಾಸ್ತರ ಯಾರನ್ನು ಕಾಯುತ್ತೀಯ ಅಂತ ಕೇಳಿದ. ಸಾಬಣ್ಣ ಕರೆಂಟು ಹೋದ ಕಥೆ ಹೇಳಿದ.

"ಅಂದ್ರ ನೀ ಕುಣಿಯೋದು ಅರ್ಧಾನೇ ಏನೋ?"

"ಅರ್ಧಾನೇ ಚಾಚಾ. ಇನ್ನರ್ಧ ಅವನು ಕುಣೀಬೇಕು."

ಮಾಸ್ತರ ವಿಚಾರ ಮಾಡಿದ. "ಮಂದಿ ಪೂರ್ತಿ ಅಂತ ತಿಳಕೊಂಡಾರ. ಹೇಳಬ್ಯಾಡ," ಅಂದ.

ಯಾರಿಗಾದರೂ ಕಲಿಸಬಾರದೇ ಅಂತ ನೀವು ಕೇಳಬಹುದು. ಮಾಸ್ತರನೂ ಕೇಳಿದ. ಸಾಬಣ್ಣ ಕಲಿಸಿಯೂ ನೋಡಿದನಂತೆ. ಕಲಿತವರು ಅವನು ಕುಣಿದದ್ದನ್ನೇ ಕುಣಿದರು. ನನ್ನ ಮಾತನ್ನೇ ನನಗೆ ತಿರುಗಿ ಹೇಳಿದರೆ ಅದು ಉತ್ತರ ಹೇಗಾಗುತ್ತದೆ ಅಂತ ಅವನು ಬಿಟ್ಟುಬಿಟ್ಟ.

ಆಮೇಲೆ ಅವನು ಹುಡುಕತೊಡಗಿದ. ಇಂಥ ಊರಿನಲ್ಲಿ ಒಬ್ಬ ನೆಲಕ್ಕೆ ಬಿದ್ದು ಗಿರಗಿರ ತಿರುಗುತ್ತಾನೆ ಅಂತ ಸುದ್ದಿ ಬಂದರೆ ಸಾಕು, ಸಿಂಬಿ ಕಂಕುಳಲ್ಲಿಟ್ಟುಕೊಂಡು ಓಡುತ್ತಿದ್ದ. ಹೋಗಿ ನೋಡಿದರೆ ಅದು ನಿಜವಾಗಿಯೂ ಮೂರ್ಛೆ. ಊರಿನವರು ಅವನ ವಿಷಯದಲ್ಲಿ ಮಾಡಿದ ತಪ್ಪನ್ನೇ ಅವನು ತಲೆಕೆಳಗು ಮಾಡಿ ಬೇರೆಯವರ ವಿಷಯದಲ್ಲಿ ಮಾಡುತ್ತಿದ್ದ. ಆದರೆ ಬಂದವನು ಸುಮ್ಮನೆ ಹಿಂದಿರುಗುತ್ತಿರಲಿಲ್ಲವಂತೆ. ಹಿಡಿದವರನ್ನು ಬಿಡಿಸಿ, ಕೀಲಿಗೊಂಚಲು ಕಿತ್ತೆಸೆದು, ತಲೆಯ ಕೆಳಗೆ ತನ್ನ ಸಿಂಬಿ ಇಟ್ಟು, ಎಚ್ಚರಾಗುವವರೆಗೆ ಪಕ್ಕದಲ್ಲಿ ಕೂತಿರುತ್ತಿದ್ದ. ಎಚ್ಚರಾದವರು ಕಣ್ಣು ಬಿಟ್ಟಾಗ ಒಬ್ಬ ಅಪರಿಚಿತ ತಮ್ಮನ್ನು ತುಂಬ ಆಸೆಯಿಂದ ನೋಡುತ್ತಿರುತ್ತಿದ್ದ. ಸಾಬಣ್ಣ ಮುಟ್ಟಿದರೆ ಮೂರ್ಛೆ ಇಳಿಯುತ್ತದೆ ಅಂತ ಹೆಸರಾಯಿತು. ಬೇಡವಾದ ಹೆಸರು ಬೇಗ ಹರಡುತ್ತದೆ. ಜನ ಗಾಡಿ ಕಟ್ಟಿಕೊಂಡು ಬಂದರು. ಗಾಡಿ ನಿಂತಾಗಲೆಲ್ಲ ಅವನು ಹೊರಗೆ ಬಂದು, ಆಚೆಯವನೇ ಇರಬಹುದೇನೋ ಅಂತ ಇಳಿಯುವವರ ಕಾಲನ್ನು ಮೊದಲು ನೋಡುತ್ತಿದ್ದನಂತೆ.

ಹೀಗಿರುವಾಗ ಒಬ್ಬ ಬಳೆಗಾರ ಬಂದು, ನದಿಯಾಚೆ ಒಬ್ಬನಿದ್ದಾನೆ, ತಲೆಯ ಮೇಲೆ ತಿರುಗುತ್ತಾನೆ, ಸುತ್ತ ಬ್ಯಾಂಡು ಬಾರಿಸುತ್ತಾರೆ ಅಂದ. ಬ್ಯಾಂಡು ಬಾರಿಸುತ್ತಾರೆ ಅಂದಮೇಲೆ ಮೂರ್ಛೆ ಅಲ್ಲ. ಸಾಬಣ್ಣ ಅವತ್ತೇ ನದಿ ದಾಟಿದ.

ದಾಟಿದ ಮೇಲೆ ಸಿಕ್ಕ ಮೊದಲ ಊರಿನಲ್ಲಿ, ಅವನು ನಮ್ಮವನಲ್ಲ, ಮುಂದಿನ ಊರಿನವನು ಅಂದರು. ಮುಂದಿನ ಊರಿನಲ್ಲಿ ಇನ್ನೂ ಮುಂದೆ ಅಂದರು. ಮುಂದೆ ಹೋದಷ್ಟೂ ಆ ಮನುಷ್ಯ ದೊಡ್ಡವನಾಗುತ್ತಿದ್ದ. ಒಂದು ಊರಿನಲ್ಲಿ ಅವನು ಹಾಡು ಮುಗಿಯುವವರೆಗೂ ತಿರುಗಿದನಂತೆ. ಇನ್ನೊಂದು ಊರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತಿರುಗಿದನಂತೆ. ಮತ್ತೊಂದು ಊರಿನಲ್ಲಿ ಅವನು ತಿರುಗಿದ ರಭಸಕ್ಕೆ ಬಂಡೆ ಕೊರೆದು ನೀರು ಬಂತಂತೆ, ಆ ಬಾವಿಯನ್ನೂ ತೋರಿಸಿದರು. ಸಾಬಣ್ಣ ಬಗ್ಗಿ ನೋಡಿದ. ಒಳ್ಳೆಯ ನೀರಿತ್ತು. ಇಂಥವನ ಎದುರು ನಾನು ಏನು ಕುಣಿಯಲಿ ಅಂತ ಅವನಿಗೆ ಅಂಜಿಕೆಯಾಯಿತು, ಸಂತೋಷವೂ ಆಯಿತು. ದಾರಿಯಲ್ಲಿ ಹೊಸ ಪಟ್ಟುಗಳನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತ ನಡೆದನಂತೆ.

ಕಡೆಗೆ ಒಂದು ಚಹಾದಂಗಡಿಯಲ್ಲಿ, ಆ ಮನುಷ್ಯನನ್ನು ಕಣ್ಣಾರೆ ನೋಡಿದವನೊಬ್ಬ ಸಿಕ್ಕ. ಚಹಾ ಸೋಸುತ್ತಲೇ ಹೇಳಿದ.

"ಹೆಂಗ ಕುಣಿತಾನ ಅಂತ ಏನ್ ಹೇಳ್ಲಿ ಅಣ್ಣಾ. ನಮ್ಮತ್ತಿಯವರ ಊರಾಗ ಮದುವ್ಯಾಗ ನೋಡೀನಿ, ಹೊಳಿ ಆಕಡಿ. ಖರೇ ಅಂದ್ರ, ಕುಣದಿದ್ದು ಮರತದ. ಕುಣದ ಮ್ಯಾಲ ಕೈ ಕಟ್ಟಿ ನಿಲ್ತಾನ ನೋಡು, ಯಾರನ್ನೋ ಕಾಯ್ದಂಗ. ಅದು ಮರಿಯಂಗಿಲ್ಲ."

ಸಾಬಣ್ಣ ಬಟ್ಟಲು ಕೆಳಗಿಟ್ಟ.

"ಯಾರನ್ನ ಕಾಯ್ತಾನಂತ?"

"ಯಾರಿಗ್ ಗೊತ್ತು. ಯಾರೂ ಬರಲಿಲ್ಲ, ಪಾಪ. ಇನ್ನೊಂದ್ ಚಾ ಹಾಕ್ಲೇನು?"

ಅವನು ಇನ್ನೊಂದು ಚಹಾ ಕುಡಿದು, ಬಂದ ದಾರಿಯಲ್ಲೇ ಹಿಂದಿರುಗಿದನಂತೆ. ದಾರಿಯ ಊರುಗಳಲ್ಲಿ ಜನ, ಅವನು ಸಿಕ್ಕನೇನು ಅಂತ ಕೇಳಿದರು. ಸಿಕ್ಕ ಅಂದನಂತೆ.

ಮುಂದಿನ ಮದುವೆಯಲ್ಲಿ ಸಾಬಣ್ಣ ಎಂದಿನಂತೆ ತಿರುಗಿದ, ಎದ್ದ, ಹಿಂದೆ ಸರಿದ, ಕೈ ಕಟ್ಟಿ ನಿಂತ. ಜನ ಚಪ್ಪಾಳೆಗೆ ಕೈ ಎತ್ತಿದರು. ಆಗ ಅವನು ಕಟ್ಟಿದ ಕೈ ಬಿಟ್ಟು, ಕಲ್ಲನ್ನು ಸುತ್ತು ಹಾಕಿ ಆಚೆ ಕಡೆಗೆ ನಡೆದು, ಈ ಕಡೆ ಮುಖ ಮಾಡಿ, ಒಂದು ಕಾಲು ಒಳಗಿಟ್ಟ.

ಆಮೇಲೆ ಕುಣಿದದ್ದನ್ನು ಯಾರೂ ಅದಕ್ಕೂ ಮೊದಲು ನೋಡಿರಲಿಲ್ಲವಂತೆ. ನೆಲಕ್ಕೆ ಬೀಳಲೇ ಇಲ್ಲ. ಮೈಯೊಳಗಿನ ಕೀಲುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಒಂದೊಂದಾಗಿ ಜೋಡಿಸಿಕೊಂಡ. ಬೆರಳಿನಿಂದ ಹೊರಟ ಒಂದು ಅಲೆ ತೋಳು, ಎದೆ, ಸೊಂಟ ದಾಟಿ ಕಾಲಿನಿಂದ ನೆಲಕ್ಕೆ ಇಳಿದು ಹೋಯಿತು. ಈಚೆಯವನು ಕುಣಿದ ಒಂದು ಪಟ್ಟನ್ನೂ ಆಚೆಯವನು ಮುಟ್ಟಲಿಲ್ಲ.

ಊರಿನವರು ಎರಡು ಪಂಗಡವಾಗಿ ವಾದ ಮಾಡಿದರು. ಕಡೆಗೆ ಎಲ್ಲರೂ ಒಪ್ಪಿದರು, ಆಚೆಯವನೇ ಗೆದ್ದ. ಸಾಬಣ್ಣನೂ ಒಪ್ಪಿದ. ತೀರ್ಪಿಗೆ ಮಲಕಮ್ಮನನ್ನು ಕೇಳಿದಾಗ ಅವಳೂ ಮಗನ ಪರವಾಗಿ ನಿಲ್ಲಲಿಲ್ಲ.

"ನಿನಗಿಂತ ಅವನೇ ಚೊಲೊ ಕುಣದ. ಊಟಕ್ಕ ಕರಿ ಅವನಿಗಿ."

"ಬರಲ್ಲವ್ವಾ. ಭಾಳ ದೂರ ಹೋಗ್ಬೇಕವಗ."

ಮಲಕಮ್ಮ ಆದರೂ ಎರಡು ತಾಟು ಬಡಿಸಿಟ್ಟಳಂತೆ. ಸಾಬಣ್ಣ ಒಂದರಲ್ಲಿ ಉಂಡ.

ಹೀಗೆ ಎಷ್ಟೋ ಮದುವೆಗಳಲ್ಲಿ ಎರಡೂ ಕಡೆ ಅವನೇ ಕುಣಿದ. ಆಚೆಯವನೇ ಯಾವಾಗಲೂ ಗೆದ್ದ. ಮಲಕಮ್ಮ ತೀರಿಕೊಂಡಳು. ದಸ್ತಗೀರ್ ಮಾಸ್ತರನ ಹಲ್ಲು ಬಿದ್ದು ಊದುವಾಗ ಗಾಳಿ ಸೋರತೊಡಗಿತು. ಸಾಬಣ್ಣನ ಮೊಣಕಾಲು ಹೋಯಿತು. ಒಂದು ಮದುವೆಯಲ್ಲಿ ಅವನು ತನ್ನ ಅರ್ಧವನ್ನು ಹೇಗೋ ತಿರುಗಿ, ಎದ್ದು, ಕೈ ಕಟ್ಟಿ ನಿಂತ. ಆಚೆ ಕಡೆಗೆ ಅವನು ಯಾವಾಗ ನಡೆಯುತ್ತಾನೆ ಅಂತ ಜನ ಕಾದರು. ಅವನು ನಡೆಯಲಿಲ್ಲ. ಮಾಸ್ತರ ಊದುವುದನ್ನು ನಿಲ್ಲಿಸಿ ಅವನ ಮುಖ ನೋಡಿದ.

"ಊದ್ರಿ ಚಾಚಾ. ಅವನ ಪಾಳಿ."

ಮಾಸ್ತರ ಊದಿದ. ಖಾಲಿ ಕಲ್ಲಿನ ಎದುರು ಹಾಡು ಪೂರ್ತಿ ನಡೆಯಿತು. ಸಾಬಣ್ಣ ಕಣ್ಣು ಕೀಳದೆ ನೋಡುತ್ತಿದ್ದನಂತೆ. ಅಲ್ಲಲ್ಲಿ ತಲೆದೂಗಿದನಂತೆ. ಒಂದು ಕಡೆ, ತಾನು ಎಂದೂ ನೆನೆಸದ ಪಟ್ಟು ಕಂಡವನ ಹಾಗೆ, "ವ್ಹಾರೆ ವ್ಹಾ" ಅಂದನಂತೆ. ಹಾಡು ಮುಗಿದ ಮೇಲೆ ಆಚೆ ಕಡೆಗೆ ಕೈಯೆತ್ತಿ ಹೊರಟುಹೋದ. ಆಮೇಲೆ ಅವನನ್ನು ಕಂಡವರಿಲ್ಲ. ನದಿ ದಾಟಿದ ಅನ್ನುವವರಿದ್ದಾರೆ. ಖಣಿಯ ಕಡೆ ಹೋದ ಅನ್ನುವವರಿದ್ದಾರೆ. ಇಬ್ಬರ ಜೊತೆಗೂ ವಾದ ಮಾಡಿ ಪ್ರಯೋಜನವಿಲ್ಲ.

ಇವತ್ತಿಗೂ ಆ ಸೀಮೆಯಲ್ಲಿ ಮದುವೆ ಮೆರವಣಿಗೆ ಮಂಟಪದ ಎದುರು ಬಂದಾಗ ಎಲ್ಲರೂ ಕುಣಿತ ನಿಲ್ಲಿಸುತ್ತಾರೆ. ಗಂಡಿನ ಕಡೆಯವರು ಈಚೆ ಸರಿಯುತ್ತಾರೆ, ಹೆಣ್ಣಿನ ಕಡೆಯವರು ಆಚೆ ಸರಿಯುತ್ತಾರೆ, ಎಲ್ಲರೂ ಕೈ ಕಟ್ಟುತ್ತಾರೆ. ನಡುವಿನ ನೆಲವನ್ನು ಖಾಲಿ ಬಿಟ್ಟು ಬ್ಯಾಂಡಿನವರು ಒಂದು ಹಾಡು ಪೂರ್ತಿ ಬಾರಿಸುತ್ತಾರೆ. ಹೊಸಬರು ಯಾರಾದರೂ, ಯಾರು ಬರಬೇಕಾಗಿದೆ ಅಂತ ಕೇಳಿದರೆ, ತಡೀರಿ, ಬರ್ತಾನ ಅನ್ನುತ್ತಾರೆ. ಹಾಡು ಮುಗಿಯುತ್ತದೆ. ಯಾರೂ ಬಂದಿರುವುದಿಲ್ಲ. ಹೋದ ಮದುವೆಗಿಂತ ಈ ಸಲ ಚೆನ್ನಾಗಿ ಕುಣಿದ ಅಂತ ಮಾತಾಡಿಕೊಳ್ಳುತ್ತ ಎಲ್ಲರೂ ಊಟಕ್ಕೆ ಹೋಗುತ್ತಾರೆ.