ಇಪ್ಪತ್ತೊಂದು ಜೊತೆ ಚಪ್ಪಲಿಯ ದ್ವೀಪಯಾತ್ರೆ

ಮುಂದೆ ಕೂತವರು ನಗಬಹುದು, ಹಿಂದೆ ಕೂತವರೂ ನಗಬಹುದು. ತಾನು ಜಟ್ಟಿಗಿಂತ ಜಾಣನೆಂದು ನಗುವವನು ಮಾತ್ರ ಕತೆ ಮುಗಿಯುವವರೆಗೆ ತಡೆಯತಕ್ಕದ್ದು.

ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಕೋಡಿತಡಿ ಎಂಬ ಊರು. ಆ ಊರಲ್ಲಿ ಮಾಸ್ತಮ್ಮ ಎಂಬ ತಾಯಿ. ಅವಳಿಗೆ ಜಟ್ಟಿ ಎಂಬ ಮಗ. ವಯಸ್ಸು ಇಪ್ಪತ್ತನಾಲ್ಕು, ಎತ್ತರ ಆರಡಿ, ತೋಳು ದೋಣಿಯ ಹುಟ್ಟಿನಷ್ಟು ಗಟ್ಟಿ. ಹೇಳಿದ್ದನ್ನು ಮರೆಯುವ ದೋಷ ಅವನಿಗಿರಲಿಲ್ಲ. ಯಾತಕ್ಕೆ ಹೇಳಿದರೆಂದು ಕೇಳುವ ಅಭ್ಯಾಸವೂ ಇರಲಿಲ್ಲ. ಒಮ್ಮೆ ಅವನನ್ನು ಒಣಮೀನಿನ ಅಂಗಳದಲ್ಲಿ ಕೂರಿಸಿ, "ಕಾಗೆ ಬಂದ್ರೆ ಓಡ್ಸು" ಎಂದಿದ್ದರು. ಕಾಗೆ ಬಂತು, ಓಡಿಸಿದ. ನಾಯಿ ಬಂತು, ನೋಡಿದ. ನಾಯಿ ಮೀನು ಮುಗಿಸಿ ಬಾಯಿ ನೆಕ್ಕಿಕೊಳ್ಳುವ ಹೊತ್ತಿಗೆ, ಇದು ಕಾಗೆಯಲ್ಲವೆಂದು ಇನ್ನೊಮ್ಮೆ ಖಚಿತಪಡಿಸಿಕೊಂಡ. ಅಲ್ಲಿಂದ ಕಳಿಸಿದರು. ಐಸ್ ಫ್ಯಾಕ್ಟರಿಯವರು ಮೂರೇ ದಿನಕ್ಕೆ ಕಳಿಸಿದರು. ಬಲೆ ಹೆಣೆಯುವವರು ಮಧ್ಯಾಹ್ನಕ್ಕೇ ಕಳಿಸಿದರು.

ಊರಲ್ಲಿ ಉಳಿದದ್ದು ಒಂದೇ ಕೆಲಸ. ಬೊಮ್ಮಯ್ಯ ತಾಂಡೇಲರು ತಮ್ಮ ಬೋಟಿನಲ್ಲಿ ದಿನವೂ ಪ್ರವಾಸಿಗಳನ್ನು ಹತ್ತಿಸಿಕೊಂಡು, ಮೂರು ದ್ವೀಪ ತೋರಿಸಿ, ಸಂಜೆಗೆ ಮರಳುತ್ತಿದ್ದರು. ಅವರಿಗೆ ಹಗ್ಗ ಎಸೆದು ಬೋಟು ಕಟ್ಟುವ ಆಳು ಬೇಕಾಗಿತ್ತು. ಆ ಬೋಟಿಗೆ ಮಧ್ಯಾಹ್ನದ ಊಟ ಮಾಡಿ ಕೊಡುವವಳು ಮಾಸ್ತಮ್ಮನೇ.

"ಒಂದು ದಿನ ನೋಡಿ ತಾಂಡೇಲ್ರೇ! ಇದೂ ಹೋದ್ರೆ ನನ್ನ ಮಗಂಗೆ ಈ ಊರಲ್ಲಿ ಬೇರೆ ಬಾಗಿಲಿಲ್ಲ."

"ಒಂದೇ ದಿನ," ಎಂದರು ತಾಂಡೇಲರು. "ಸಂಜೆ ಕೊನೆಗೆ ಎಲ್ರೂ ದಡಕ್ಕೆ ಇಳಿದಾಗ ಬೋಟಿನ ಹಗ್ಗ ಅವನ ಕೈಲೇ ಇದ್ರೆ ಕೆಲ್ಸ ಅವಂದು. ಸಿಟ್ಟು ಬಂದು ನಾನೇ ಹಗ್ಗ ಕಸ್ಕಂಡ್ರೆ, ಇಲ್ಲ."

ಮಾಸ್ತಮ್ಮ ಮಗನ ಎರಡೂ ಕಿವಿ ಹಿಡಿದು ಎರಡು ಸಲ ಹೇಳಿದಳು. "ಹಗ್ಗ ಕೈಲಿರ್ಬೇಕು! ತಗ, ಈ ತೆಂಗಿನಕಾಯಿ. ಬೋಟಿಗೆ ಬಂದ ಮೊದಲಿನದ್ದು ಕಡಲಿಂದು. ಅದನ್ನ ಕಡಲಿಗೆ ಕೊಟ್ಟು ಕೈ ಮುಗಿ. ತಿಳೀತಾ?"

"ತಿಳೀತು ಅವ್ವಾ. ಮೊದಲಿನದ್ದು ಕಡಲಿಂದು."

ಆ ಊರಿನ ಇನ್ನೊಂದು ಕ್ರಮವನ್ನೂ ಇಲ್ಲಿಯೇ ಹೇಳಬೇಕು. ಕಡಲಿಗೆ ಹೊರಟವರ ತಲೆಯನ್ನು ಅಲ್ಲಿ ಎಣಿಸುವುದಿಲ್ಲ. ಎಣಿಸಿದರೆ ಕಡಲೂ ಎಣಿಸಲು ಕಲಿಯುತ್ತದೆ ಎಂದು ಹಿರಿಯರ ಭಯ. ಆದ್ದರಿಂದ ಚಪ್ಪಲಿ ಎಣಿಸುತ್ತಾರೆ. ಬೋಟು ಹತ್ತುವಾಗ ಎಲ್ಲರೂ ಚಪ್ಪಲಿ ಕಳಚಿ ಬುಟ್ಟಿಗೆ ಹಾಕಬೇಕು; ದ್ವೀಪದಲ್ಲಿ ಇಳಿಯುವಾಗ ತೆಗೆದು ಮೆಟ್ಟಿಕೊಳ್ಳಬೇಕು. ಬುಟ್ಟಿಯಲ್ಲಿ ಎಷ್ಟು ಜೊತೆಯೋ ಬೋಟಿನಲ್ಲಿ ಅಷ್ಟು ಜನ. ಮೂವತ್ತು ವರ್ಷ ತಾಂಡೇಲರ ಲೆಕ್ಕ ತಪ್ಪಿರಲಿಲ್ಲ. ಯಾಕೆಂದರೆ ಆ ಮೂವತ್ತು ವರ್ಷ ಬೋಟಿನಲ್ಲಿ ಜಟ್ಟಿ ಇರಲಿಲ್ಲ.

ಅಂದು ಬಂದವರು ಗದಗಿನ ಕಡೆಯ ಇಪ್ಪತ್ತೊಂದು ಜನ ಶಾಲೆಯ ಮೇಷ್ಟ್ರು, ಟೀಚರುಗಳು. ಬಹುಪಾಲು ಜನ ಕಡಲು ಕಂಡವರೇ ಅಲ್ಲ. ಎಲ್ಲರಿಗಿಂತ ಮುಂದೆ ಹೆಡ್‌ಮಾಸ್ತರು ಪತ್ರೆಪ್ಪನವರು. ತೆಂಗಿನಕಾಯಿ ಹಿಡಿದು ದಡದಲ್ಲೇ ನಿಂತಿದ್ದ ಜಟ್ಟಿಯ ಇನ್ನೊಂದು ಕೈಗೆ ಅವರು ತಮ್ಮ ಚೀಲವನ್ನು ನೀಡಿದರು. ಜಟ್ಟಿ ಅದನ್ನು ಬೋಟಿನೊಳಗೆ ಇಟ್ಟ, ನೋಡಿದ, ಎತ್ತಿದ, ಕಡಲಿಗೆ ಎಸೆದ, ಕೈ ಮುಗಿದ.

"ಅಯ್ಯಯ್ಯೋ! ನನ್ನ ರೊಟ್ಟಿ! ನನ್ನ ಶೇಂಗಾ ಚಟ್ನಿ!"

"ಏ ಜಟ್ಟಿ! ತೆಂಗಿನಕಾಯಿ ಕೈಲೇ ಇಟ್ಕಂಡು ಚೀಲ ಯಂತಕ್ಕೋ ಬಿಸಾಕ್ದೆ?"

"ತೆಂಗಿನಕಾಯಿ ಎರಡನೇದಾಯ್ತಲ್ರಾ. ಚೀಲವೇ ಮೊದ್ಲು ಬಂತು."

ತಾಂಡೇಲರು ಹಣೆ ಹಣೆ ಬಡಿದುಕೊಂಡರು. "ಪ್ರವಾಸಕ್ಕೆ ಬಂದವರದ್ದು ಏನೇ ಆದ್ರೂ ಒದ್ದೆ ಆಗ್ಬಾರ್ದು! ನೀರಿಗೆ ಬಿತ್ತಾ, ಎತ್ತು! ಮತ್ತೆ ಬಿತ್ತಾ, ಮತ್ತೆ ಎತ್ತು! ಒಣಗಿದ ಜಾಗದಲ್ಲಿ ಇಡು!"

ಜಟ್ಟಿ ತಲೆಯಾಡಿಸಿದ. ಹೇಳಿದ್ದನ್ನು ಮರೆಯುವ ದೋಷ ಅವನಿಗಿರಲಿಲ್ಲ.

ಮೊದಲ ದ್ವೀಪ ಬಿಳಿಮಳಲು. ನೀರು ಗಾಜಿನ ಹಾಗೆ. ಅಲೆ ಮೊಣಕಾಲಿನ ಮಟ್ಟ. ನೀಲಗಂಗಾ ಟೀಚರು ಐವತ್ತು ವರ್ಷ ಕಾದಿದ್ದ ಸ್ನಾನಕ್ಕೆ ಸೆರಗು ಸಿಕ್ಕಿಸಿ, ಮೂಗು ಹಿಡಿದು, "ಗಂಗಾ, ಯಮುನಾ" ಎನ್ನುತ್ತ ಮುಳುಗಿದರು. ಮುಳುಗಿದವರು ಏಳುವ ಮುನ್ನವೇ ಗಾಳಿಯಲ್ಲಿದ್ದರು. ಜಟ್ಟಿ ಅವರನ್ನು ಅಕ್ಕಿಮೂಟೆಯ ಹಾಗೆ ಹೆಗಲಿಗೇರಿಸಿ, ಒಣಮರಳಿನ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಏನ್ ಮಾಡಾಕತ್ತೀಯೋ ತಮ್ಮಾ!"

ಟೀಚರು ಮತ್ತೆ ನೀರಿಗೆ ಓಡಿದರು. ಜಟ್ಟಿ ಮತ್ತೆ ಎತ್ತಿದ. ಮೂರನೆಯ ಸಲ ಅವರು ನಗುತ್ತ ನಗುತ್ತ ಓಡಿದರು. ಜಟ್ಟಿ ಬೆವರುತ್ತ ಬೆವರುತ್ತ ಎತ್ತಿದ. ಅಷ್ಟರಲ್ಲಿ ಗಣಿತದ ಮೇಷ್ಟ್ರು, ಡ್ರಿಲ್ ಮೇಷ್ಟ್ರು ಸಾಲಾಗಿ ನಿಂತು, "ನನ್ನೂ ಒಮ್ಮಿ ಎತ್ತೋ!" ಎನ್ನತೊಡಗಿದ್ದರು.

ತಾಂಡೇಲರು ಓಡಿಬಂದರು. "ಮೂರ್ಖಾ! ಅವ್ರು ಒದ್ದೆ ಆಗೂಕೇ ಬಂದವ್ರು! ಇಲ್ಲಿ ಅಲೆ ಸಣ್ಣದು, ನಾನು ನೋಡ್ಕಂತೆ. ನೀರಿಗೆ ಇಳಿದದ್ದನ್ನ ನೀನು ಮುಟ್ಟಬೇಡ! ದಡದಲ್ಲಿ ನಿಂತ್ಕ, ಕೈ ಬೀಸು, ನಗು! ಅಷ್ಟೇ ನಿನ್ನ ಕೆಲ್ಸ!"

ಜಟ್ಟಿ ತಲೆಯಾಡಿಸಿದ. ಕೈ ಬೀಸುವುದು, ನಗುವುದು. ಎರಡೂ ಅವನಿಗೆ ಬರುತ್ತಿತ್ತು.

ಎರಡನೆಯ ದ್ವೀಪ ಹಂದಿಗುಡ್ಡ. ಊಟ ಅಲ್ಲಿ. ಮಾಸ್ತಮ್ಮನ ದೊಡ್ಡ ಅನ್ನದ ಪಾತ್ರೆಯನ್ನು, ಮುಚ್ಚಳಕ್ಕೆ ಬಟ್ಟೆ ಬಿಗಿದು, ದಡದಲ್ಲಿ ಇಳಿಸಿದ್ದರು. ಎಲ್ಲರೂ ಬಾಳೆಲೆ ಹಾಸುವುದರಲ್ಲಿದ್ದಾಗ ನೀರು ಏರಿತು. ಒಂದು ಅಲೆ ಪಾತ್ರೆಯ ಬುಡ ಮುಟ್ಟಿತು. ಇನ್ನೊಂದು ಅಲೆ ಅದನ್ನು ತಿರುಗಿಸಿತು. ಮೂರನೆಯದು ಅದನ್ನು ಮರ್ಯಾದೆಯಿಂದ ಕರೆದುಕೊಂಡು ಹೊರಟಿತು.

"ಎಲೆ ಹಾಕ್ಯಾಯ್ತು! ಅನ್ನ ತರ್ರಿ!" ಎಂದರು ಪತ್ರೆಪ್ಪನವರು.

ಎಲ್ಲರೂ ತಿರುಗಿ ನೋಡಿದರೆ, ಅನ್ನ ಕಡಲಲ್ಲಿ, ಜಟ್ಟಿ ದಡದಲ್ಲಿ. ಪಾತ್ರೆ ದೂರ ಹೋದಷ್ಟೂ ಅವನು ಜೋರಾಗಿ ಕೈ ಬೀಸುತ್ತಿದ್ದ. ನಗು ಕಿವಿಯವರೆಗೆ ಮುಟ್ಟಿತ್ತು.

"ಹಿಡೀರಿ! ಊಟ ಹೊಂಟತಿ!"

ಈಜು ಬಲ್ಲ ಡ್ರಿಲ್ ಮೇಷ್ಟ್ರು ನೀರಿಗೆ ಹಾರಿದರು. ಎದೆಮಟ್ಟದ ನೀರಿನವರೆಗೆ ಉಳಿದವರು ಕೈ ಕೈ ಹಿಡಿದು ಸರಪಳಿಯಾದರು. ಪಾತ್ರೆ ಸಿಕ್ಕಿತು. ಬಟ್ಟೆ ಬಿಚ್ಚಿದರೆ ಅನ್ನ ಒದ್ದೆಯಾಗಿರಲಿಲ್ಲ, ಬಿಸಿಯಾಗಿಯೂ ಇತ್ತು. ಈಜಿ ಹಿಡಿದ ಅನ್ನಕ್ಕೆ ಸಿಗಡಿ ಸಾರು ಸುರಿದುಕೊಂಡು, ಇಂಥ ಊಟ ಜನ್ಮದಲ್ಲೇ ಉಂಡಿಲ್ಲವೆಂದರು. ಸಿಗಡಿ ಮುಟ್ಟದ ಪತ್ರೆಪ್ಪನವರು ಮಾವಿನಮಿಡಿ ಉಪ್ಪಿನಕಾಯಿಯಲ್ಲೇ ಮೂರು ಸಲ ಅನ್ನ ಹಾಕಿಸಿಕೊಂಡರು. ಬೆಳಗಿನ ರೊಟ್ಟಿಯ ದುಃಖ ಅಲ್ಲಿಗೆ ಮುಗಿಯಿತು.

ತಾಂಡೇಲರ ದುಃಖ ಮುಗಿಯಲಿಲ್ಲ. ಅವರ ಕೈ ಹಗ್ಗದ ಕಡೆ ಹೋಯಿತು. ಜಟ್ಟಿ ಹಗ್ಗವನ್ನು ಎದೆಗೆ ಅವಚಿಕೊಂಡ. "ಬೇಡ ತಾಂಡೇಲ್ರೇ! ಅವ್ವ ಅಳ್ತಾಳೆ!"

ತಾಂಡೇಲರ ಕೈ ಅಲ್ಲೇ ನಿಂತಿತು. "ಕೊನೇ ಸಲ ಹೇಳ್ತೆ, ಕೇಳು. ಜನ ಬೇರೆ, ಸಾಮಾನು ಬೇರೆ! ಜನಕ್ಕೆ ಕಾಲದೆ, ತಾವೇ ಬರ್ತ್ರು. ಸಾಮಾನಿಗೆ ಕಾಲಿಲ್ಲ! ದಡದಲ್ಲಿ ಕಂಡ ಸಾಮಾನೆಲ್ಲ ಎಣಿಸಿ ತುಂಬು, 'ಎಲ್ಲ ಬಂತು' ಅಂತ ಕೂಗು!"

ಜಟ್ಟಿ ತಲೆಯಾಡಿಸಿದ. ಸಾಮಾನು ಎಣಿಸುವುದು, ತುಂಬುವುದು, ಕೂಗುವುದು.

ಮೂರನೆಯ ದ್ವೀಪ ಶಂಖತಡಿ. ಊರಿಗೆ ಹತ್ತಿರ, ಅರ್ಧ ಗಂಟೆಯ ದಾರಿ. ಅಲ್ಲಿಯ ಮರಳು ರವೆಯಷ್ಟು ನಯ. ಮೆಟ್ಟಿಕೊಂಡು ಇಳಿದವರು ನಾಲ್ಕು ಹೆಜ್ಜೆಗೇ ಚಪ್ಪಲಿ ಕಳಚಿ, ಬರಿಗಾಲಲ್ಲಿ ಬಂಡೆಯ ಆಚೆಯ ಬಯಲಿಗೆ ಓಡಿದರು. ಜಟ್ಟಿ ದಡ ನೋಡಿದ. ದಡದ ತುಂಬ ಸಾಮಾನು, ಒಂದಕ್ಕೂ ಕಾಲಿಲ್ಲ. ಹೆಕ್ಕಿದ, ಮರಳು ಕೊಡವಿದ, ಜೊತೆ ಮಾಡಿದ, ಎಣಿಸಿದ, ಬುಟ್ಟಿಗೆ ತುಂಬಿದ.

"ಎಲ್ಲ ಬಂತು ತಾಂಡೇಲ್ರೇ!"

ಎಂಜಿನ್ನಿನ ಎಣ್ಣೆ ನೋಡುತ್ತಿದ್ದ ತಾಂಡೇಲರು ತಲೆಯೆತ್ತಿ ಬುಟ್ಟಿಯನ್ನು ಎಣಿಸಿದರು. ಇಪ್ಪತ್ತೊಂದು ಜೊತೆ. ಅಂದಮೇಲೆ ಇಪ್ಪತ್ತೊಂದು ಜನ. ಬೋಟು ಬಿಟ್ಟರು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಚುಕ್ಕಾಣಿ ಹಿಡಿದ ತಾಂಡೇಲರು ಹಿಂದೆ ನೋಡುವವರಲ್ಲ. ಬೆಳಗಿನಿಂದ ಗದ್ದಲ ಮಾಡಿದವರು ಈಗ ದಣಿದು ಸುಮ್ಮನಾದರೆಂದು ಅವರಿಗೆ ಸಮಾಧಾನವೇ ಆಯಿತು.

ಊರಿನ ಬೋಟು ಕಟ್ಟುವ ಧಕ್ಕೆಯಲ್ಲಿ ಮಾಸ್ತಮ್ಮ ಕಾದು ನಿಂತಿದ್ದಳು. ಬೋಟು ತಾಗಿತು. ಜಟ್ಟಿ ಹಗ್ಗ ಎತ್ತಿ ತೋರಿಸಿದ. "ಅವ್ವಾ, ಹಗ್ಗ ಕೈಲೇ ಅದೆ!"

"ಹಗ್ಗ ಸಾಯ್ಲಿ! ಜನ ಎಲ್ಲೋ?"

ತಾಂಡೇಲರು ಮೂವತ್ತು ವರ್ಷದಲ್ಲಿ ಮೊದಲ ಸಲ ಹಿಂದೆ ನೋಡಿದರು. ಬೋಟಿನಲ್ಲಿ ಒಂದು ಬುಟ್ಟಿ ಇತ್ತು.

"ಇಪ್ಪತ್ತೊಂದು ಜೊತೆ," ಎಂದ ಜಟ್ಟಿ. "ಒಂದೂ ಕಮ್ಮಿ ಇಲ್ಲ. ಜನಕ್ಕೆ ಕಾಲದೆ, ತಾವೇ ಬರ್ತ್ರು."

"ಕಡಲ ಮೇಲೆ ನಡ್ಕಂಡು ಬರ್ತ್ರೇನೋ!" ಮಾಸ್ತಮ್ಮ ಬುಟ್ಟಿಯನ್ನು ಅವನ ಎದೆಗೆ ದೂಡಿದಳು. "ಈ ಚಪ್ಪಲಿ ಎಲ್ಲಿಂದ ತಂದ್ಯೋ ಅಲ್ಲೇ ಕೊಂಡೋಗಿ ಇಡು! ಅಲ್ಲಿದ್ದ ಜನರನ್ನ ಬೋಟಿಗೆ ತಂದು ಹಾಕು! ತಿಳೀತಾ?"

"ತಿಳೀತು ಅವ್ವಾ."

ಬೋಟು ತಿರುಗಿತು. ಶಂಖತಡಿಯಲ್ಲಿ ಬಿಟ್ಟುಹೋದವರು ಅಳುತ್ತಿರಲಿಲ್ಲ, ಕಬಡ್ಡಿ ಆಡುತ್ತಿದ್ದರು. ಹೆಡ್‌ಮಾಸ್ತರ ಕಾಲನ್ನು ನೀಲಗಂಗಾ ಟೀಚರು ಹಿಡಿದಿದ್ದರು. ಹದಿನೆಂಟು ವರ್ಷದ ಸ್ಟಾಫ್ ಮೀಟಿಂಗುಗಳ ಸೇಡು ಆ ಹಿಡಿತದಲ್ಲಿತ್ತು. ಬೋಟು ಕಂಡು, "ಇಷ್ಟ್ ಲಗೂ ಯಾಕ ಬಂದ್ರಿ?" ಎಂದು ಬೇಸರಪಟ್ಟರು. ಪ್ರವಾಸದ ಪಟ್ಟಿಯಲ್ಲಿ ಇಲ್ಲದ ಸೂರ್ಯಾಸ್ತ ಅವರಿಗೆ ಪೂರ್ತಿ ಸಿಕ್ಕಿತ್ತು.

ಮಬ್ಬುಗತ್ತಲಲ್ಲಿ ಜಟ್ಟಿ ಅವರನ್ನೆಲ್ಲ ಬೋಟಿಗೆ ತಂದು ಹಾಕಿದ. ತಾಂಡೇಲರಿಗೆ ಚಪ್ಪಲಿಯ ಮೇಲಿನ ನಂಬಿಕೆ ಹೋಗಿತ್ತು, ಬುಟ್ಟಿಯ ಕಡೆ ನೋಡಲೇ ಇಲ್ಲ. ಕಡಲಿಗೆ ಕೇಳಿಸದಂತೆ ಬಾಯಿಗೆ ಟವೆಲು ಅಡ್ಡ ಹಿಡಿದು ಒಂದೊಂದೇ ತಲೆ ಎಣಿಸಿದರು. ಇಪ್ಪತ್ತೊಂದು. ಎರಡು ಸಲ ಎಣಿಸಿದರು. ಇಪ್ಪತ್ತೊಂದೇ. ಹೊರಟರು.

ದೀಪ ಹಚ್ಚುವ ಹೊತ್ತಿಗೆ ಧಕ್ಕೆ ಮುಟ್ಟಿದರು. ಇಪ್ಪತ್ತೊಂದು ಜನ ಚಿಪ್ಪುಗಲ್ಲು ತುಂಬಿದ ದಡಕ್ಕೆ ಕಾಲಿಟ್ಟು, "ಅಯ್ಯೋ! ಉಯ್ಯೋ!" ಎಂದು ಕುಣಿದರು.

"ತಮ್ಮಾ, ಚಪ್ಪಲಿ ಎಲ್ಲೈತೋ?"

"ಎಲ್ಲಿಂದ ತಂದಿದ್ನೋ ಅಲ್ಲೇ ಇಟ್ಟೆ," ಎಂದ ಜಟ್ಟಿ. "ಸಾಲಾಗಿ. ಇಪ್ಪತ್ತೊಂದು ಜೊತೆ."

ನೀಲಗಂಗಾ ಟೀಚರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. "ಹಂಗಾರ ನಾಳೆ ಮತ್ತ ದ್ವೀಪಕ್ಕ ಹೋಗೂದ! ಇವ ಇಲ್ಲಂದ್ರ ನಾ ಬೋಟು ಹತ್ತಂಗಿಲ್ಲ ನೋಡ್ರಿ!"

"ಇವನನ್ನ ಮತ್ತೆ ಬೋಟಿಗೆ ಹತ್ತಿಸೂದಾ?" ತಾಂಡೇಲರು ಗರ್ಜಿಸಿದರು. "ಎಲ್ಲಿ ಹಗ್ಗ? ಕೊಡು ಇಲ್ಲಿ!"

"ಕೊಡೂದಿಲ್ಲ! ಎಲ್ರೂ ಇಳಿದಾಯ್ತು, ಹಗ್ಗ ನನ್ನ ಕೈಲೇ ಅದೆ!"

ನಿಜ. ಹಗ್ಗ ಅವನ ಕೈಯಲ್ಲೇ ಇತ್ತು. ಒಂದು ತುದಿ ಬಲಗೈಯಲ್ಲಿ, ಇನ್ನೊಂದು ತುದಿ ಎಡಗೈಯಲ್ಲಿ. ಯಾರೂ ಕಸಿಯದಿರಲೆಂದು ಬೋಟಿನಿಂದಲೂ ಬಿಚ್ಚಿಕೊಂಡಿದ್ದ.

ಬೋಟು ಹೊಳೆಯ ನಡುವೆ, ಇಳಿತದ ನೀರಿನಲ್ಲಿ, ನಿಧಾನವಾಗಿ ಕಡಲ ಕಡೆ ಹೊರಟಿತ್ತು.

"ನನ್ನ ಬೋಟು!" ತಾಂಡೇಲರು ಧಡಾರನೆ ನೀರಿಗೆ ಹಾರಿದರು.

"ತಾಂಡೇಲ್ರೇ!" ಮಾಸ್ತಮ್ಮ ದಡದಿಂದ ಕೂಗಿದಳು. "ಹಗ್ಗ ಅವನ ಕೈಲೇ ಅದೆ! ನೀವು ಹೇಳಿದ ಮಾತು!"

"ಬರ್ಲಿ!" ನೀರು ಉಗುಳುತ್ತ, ಈಜುತ್ತ ತಾಂಡೇಲರು ಕೂಗಿದರು. "ನಾಳೆ ಏಳು ಗಂಟೆಗೆ ಬರ್ಲಿ! ಈಗ ಸಹಾಯ ಮಾಡೂಕೆ ಹೇಳು!"

ನೀರಿಗೆ ಇಳಿದದ್ದನ್ನು ಏನು ಮಾಡಬೇಕೆಂದು ಜಟ್ಟಿಗೆ ಚೆನ್ನಾಗಿ ನೆನಪಿತ್ತು. ದಡದ ತುದಿಗೆ ಬಂದು ನಿಂತ. ಕೈ ಬೀಸಿದ. ನಕ್ಕ. ಅವನನ್ನು ನೋಡಿ ಬರಿಗಾಲಿನ ಇಪ್ಪತ್ತೊಂದು ಜನವೂ ಸಾಲಾಗಿ ನಿಂತು, ತಾಂಡೇಲರು ಬೋಟು ಹಿಡಿದು ತರುವವರೆಗೂ, ಕೈ ಬೀಸುತ್ತ ನಗುತ್ತಲೇ ಇದ್ದರು.