ತಿಮ್ಮವ್ವನ ಮಣ್ಣಿನ ಬಾಗಿಲು

ಮಕ್ಕಳೇ, ಮಂಗಟ್ಟೆ ಹಕ್ಕಿ ಮರಿ ಮಾಡುವ ರೀತಿ ನಿಮಗೆ ಗೊತ್ತೇ? ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಂಡುಬಿಡುತ್ತದೆ. ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ಹಳೆಯ ಗರಿಗಳು ಉದುರಿ ಹೊಸವು ಬರುತ್ತವೆ. ಅಲ್ಲಿಯವರೆಗೆ ಹಾರಲು ಆಗದು. ಗಂಡು ಹಕ್ಕಿ ತಂದುಕೊಟ್ಟದ್ದೇ ಊಟ.

ಒಂದು ಕಾಡಿನ ಹೊಳೆದಂಡೆಯ ಮತ್ತಿಮರದಲ್ಲಿ ತಿಮ್ಮವ್ವ ಎಂಬ ಮಂಗಟ್ಟೆ ಹೀಗೆ ಕೂತಿದ್ದಳು. ಗಂಡ ಭರಮಣ್ಣ ಬೆಳಗಿನಿಂದ ಸಂಜೆವರೆಗೆ ಹಣ್ಣು ತಂದು ಕೊಡುತ್ತಿದ್ದ. ಎರಡು ಮರಿಗಳು ಆಗಷ್ಟೇ ಮೊಟ್ಟೆಯೊಡೆದು ಬಂದಿದ್ದವು.

ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಹಣ್ಣಿಗೆ ಹೋದ ಭರಮಣ್ಣ ಮರಳಲಿಲ್ಲ.

ಮರುದಿನ ಬೆಳಿಗ್ಗೆ ಕೆಂದಳಿಲು ಕೆಂಚಪ್ಪ ಸೀಳಿನ ಬಳಿ ಬಂದ. ಅತ್ತಿಹಣ್ಣಿಗಾಗಿ ಅವನಿಗೂ ಭರಮಣ್ಣನಿಗೂ ದಿನಾ ಜಗಳವಾಗುತ್ತಿತ್ತು. ಇವತ್ತು ಅವನ ಮುಖ ಬಾಡಿತ್ತು.

“ತಿಮ್ಮವ್ವ, ಹೇಗೆ ಹೇಳಲಿ? ಕೊಂಬೆ ಮುರಿದು ಭರಮಣ್ಣನ ಮೇಲೆ ಬಿತ್ತು. ಕಣ್ಣಾರೆ ಕಂಡೆ. ಅವನು ಹೋಗಿಬಿಟ್ಟ.”

ಕೆಂಚಪ್ಪ ಮೆಲ್ಲಗೆ ಒಂದು ಅತ್ತಿಹಣ್ಣನ್ನು ಸೀಳಿಗೆ ಒಡ್ಡಿದ.

“ತಗೊಂಡು ಹೋಗು!” ಎಂದು ಅವಳು ಕೊಕ್ಕಿನಿಂದ ತಳ್ಳಿದಳು. “ನಾವು ಬದುಕಬೇಕು ಅಂತ ದೇವರಿಗಿದ್ದಿದ್ದರೆ ಅವರನ್ನು ಯಾಕೆ ಕರೆದುಕೊಳ್ಳುತ್ತಿದ್ದ? ಅವನಿಗೇ ಬೇಡವಾದವರಿಗೆ ನಿನ್ನ ಹಣ್ಣೇಕೆ?”

ಮರಿಗಳು ಹಸಿವಿನಿಂದ ಚೀರತೊಡಗಿದವು. ತಿಮ್ಮವ್ವನಿಗೆ ತಡೆಯಲಾಗಲಿಲ್ಲ. ಟಕ್ ಟಕ್ ಎಂದು ಮಣ್ಣಿನ ಬಾಗಿಲನ್ನು ಕುಟ್ಟತೊಡಗಿದಳು.

ಪಕ್ಕದ ಕೊಂಬೆಯ ಮುದಿ ಕುಟುರ ಹಕ್ಕಿಗೆ ಗಾಬರಿಯಾಯಿತು. ಅದನ್ನು ಎಲ್ಲರೂ ಕುಟುರಜ್ಜಿ ಎನ್ನುತ್ತಿದ್ದರು.

“ಏನು ಮಾಡ್ತಿದ್ದೀಯೇ ಮಗಳೇ?”

“ಹೊರಗೆ ಬರ್ತೀನಿ ಅಜ್ಜಿ. ದೇವರನ್ನು ನಂಬಿ ಕೂತದ್ದು ಸಾಕು.”

“ಬಂದು? ರೆಕ್ಕೆ ಎಲ್ಲಿದೆ?”

ತಿಮ್ಮವ್ವ ಕೇಳಲಿಲ್ಲ. ಅರ್ಧ ಬಾಗಿಲು ಪುಡಿಯಾಗಿ ಉದುರಿತು. ಮರಿಗಳ ವಾಸನೆ ಗಾಳಿಗೆ ಬೆರೆತದ್ದೇ ತಡ, ಪೊದೆಯಿಂದ ಒಂದು ಕಾಡುಬೆಕ್ಕು ತಲೆಯೆತ್ತಿತು. ಸರಸರ ಮರ ಹತ್ತಿತು. ತಿಮ್ಮವ್ವ ಮರಿಗಳಿಗೆ ಅಡ್ಡ ನಿಂತು ಕಣ್ಣು ಮುಚ್ಚಿಕೊಂಡಳು.

ಕೆಂಚಪ್ಪ ಬೆಕ್ಕಿನ ಮೂಗಿನ ಮುಂದೆಯೇ ಹಾರಿದ. “ಏ ಬೆಕ್ಕಪ್ಪಾ, ಆ ಎಲುಬು ಕಡಿದು ಏನು ಮಾಡ್ತೀಯ? ದಪ್ಪಗಿರೋ ನನ್ನನ್ನು ಹಿಡಿ ನೋಡೋಣ!”

ಬೆಕ್ಕು ಅವನ ಹಿಂದೆ ನುಗ್ಗಿತು. ಅವನು ಹೊಳೆಯ ಮೇಲೆ ಚಾಚಿದ ಸಣ್ಣ ಕೊಂಬೆಗೆ ಓಡಿ ಆಚೆ ಮರಕ್ಕೆ ನೆಗೆದ. ಬೆಕ್ಕಿನ ಭಾರಕ್ಕೆ ಕೊಂಬೆ ಬಾಗಿತು. ದುಡುಂ! ನೀರಿಗೆ ಬಿದ್ದ ಬೆಕ್ಕು ಆಚೆ ದಡ ಹತ್ತಿ ಓಡಿಹೋಯಿತು.

ತಿಮ್ಮವ್ವ ಬಿಕ್ಕಿ ಬಿಕ್ಕಿ ಅತ್ತಳು. “ಕೈಯಾರೆ ಮರಿಗಳನ್ನು ಕೊಲ್ಲಿಸುತ್ತಿದ್ದೆ. ಆದರೂ ಹೇಳಜ್ಜಿ, ದೇವರು ಯಾಕೆ ಹೀಗೆ ಮಾಡಿದ?”

“ನನಗೆ ಗೊತ್ತಿಲ್ಲಮ್ಮ,” ಎಂದಿತು ಕುಟುರಜ್ಜಿ. “ನನ್ನ ಮೂರು ಮರಿಗಳನ್ನು ಯಾಕೆ ಕರೆದುಕೊಂಡ ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಮೊನ್ನೆ ತನಕ ನಿನ್ನ ಗಂಡನ ಜೊತೆ ಕಚ್ಚಾಡಿದವನ ಬಾಯಲ್ಲಿ ಹಣ್ಣು ಕೊಟ್ಟು ಕಳಿಸಿದವರು ಯಾರು, ಯೋಚಿಸು. ದೇವರ ಲೆಕ್ಕ ನಮಗೆ ತಿಳಿಯದು. ಅವನು ಕೈಬಿಟ್ಟಿಲ್ಲ ಅಂತ ಮಾತ್ರ ಬಲ್ಲೆ.”

ಕೆಂಚಪ್ಪ ಹೊಳೆಯ ಜೇಡಿಮಣ್ಣು ತಂದ. ತಿಮ್ಮವ್ವ ಒಳಗಿನಿಂದ ಮೆತ್ತಿ ಬಾಗಿಲು ಮುಚ್ಚಿದಳು. ಅಂದಿನಿಂದ ಅವನು ಹಣ್ಣು ತರತೊಡಗಿದ, ಅಜ್ಜಿ ಹುಳ ತರತೊಡಗಿತು. “ದಾರಿಯಲ್ಲೇ ಅರ್ಧ ತಿಂದಿದ್ದೀಯಲ್ಲೋ!” ಎಂದು ಅಜ್ಜಿ ಬೈದರೆ, “ಹುಳಿಯೋ ಸಿಹಿಯೋ ನೋಡಬೇಡವೇ?” ಎಂದು ಅವನು ಬಾಯಿ ಒರೆಸಿಕೊಳ್ಳುತ್ತಿದ್ದ.

ಕೆಲವು ದಿನ ತಿಮ್ಮವ್ವ ಅಳುತ್ತಲೇ ಕಳೆದಳು. ಕೆಲವು ದಿನ, “ದೇವರೇ, ನನಗೆ ಅರ್ಥವಾಗುತ್ತಿಲ್ಲ. ಆದರೂ ನೀನೇ ಗತಿ,” ಎಂದು ಕಾದಳು. ಕತ್ತಲಲ್ಲಿ ಒಂದೊಂದೇ ಗರಿ ಮೂಡಿತು.

ಒಂದು ಬೆಳಿಗ್ಗೆ ರೆಕ್ಕೆ ಬಿಚ್ಚಿ ನೋಡಿದಳು. ಪೊಟರೆ ಸಾಲಲಿಲ್ಲ!

ಈ ಸಲ ಅವಳು ಬಾಗಿಲು ಒಡೆದು ಹೊರಬಂದಾಗ, ಬೆಳೆದ ಮರಿಗಳೇ ಒಳಗಿನಿಂದ ಮತ್ತೆ ಮಣ್ಣು ಮೆತ್ತಿಕೊಂಡವು. ತಿಮ್ಮವ್ವ ಕೊಂಬೆಯ ತುದಿಯಲ್ಲಿ ನಿಂತಳು. ಕೆಳಗೆ ಹೊಳೆ, ಮೇಲೆ ಬಯಲು ಆಕಾಶ. ಕೊಂಬೆಯ ಹಿಡಿತ ಬಿಟ್ಟಳು. ಒಂದು ಕ್ಷಣ ಬಿದ್ದಳು. ಮರುಕ್ಷಣ ಬುಸ್ ಬುಸ್ ಎಂದು ರೆಕ್ಕೆಗಳು ಗಾಳಿಯನ್ನು ಹಿಡಿದವು.

“ಹಾರಿದಳು ಅಜ್ಜಿ, ಹಾರಿದಳು!” ಎಂದು ಕೆಂಚಪ್ಪ ಕುಣಿದಾಡಿದ.

ಬಿಸಿಲೇರುವ ಮೊದಲೇ ತಿಮ್ಮವ್ವ ಬಾಯ್ತುಂಬ ಹಣ್ಣು ತಂದಳು. ಸೀಳಿನಿಂದ ಎರಡು ಪುಟ್ಟ ಕೊಕ್ಕುಗಳು ಒಟ್ಟಿಗೇ ಹೊರಬಂದವು.

“ನೂಕಾಡಬೇಡಿ, ಇಬ್ಬರಿಗೂ ಇದೆ,” ಎಂದಳು ತಾಯಿ.

ನೀತಿ: ದುಃಖದ ಕಾಲದಲ್ಲಿ ದೇವರ ಉದ್ದೇಶ ಕಾಣದಿರಬಹುದು, ಆದರೆ ಅವನನ್ನು ನಂಬಿ, ಅವನು ಕಳಿಸಿದ ನೆರವನ್ನು ತಳ್ಳದೆ ಕಾದವರು ಮತ್ತೆ ಹಾರುತ್ತಾರೆ.